ಇಪ್ಪತ್ತು ನಿಮಿಷ ಮೊದಲು

ನವೆಂಬರ್ 9, ಭಾನುವಾರ

ಪೇಂಟಿಂಗ್ ಕೆಲಸದ ಹಳೇ ಅಳತೆ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿವೆ. ಕೆಲಸ ಬಿಟ್ಟು ಎರಡು ವರ್ಷವಾಯಿತು, ಇನ್ನು ಯಾರ ಮನೆಯ ಗೋಡೆಯನ್ನೂ ಅಳೆಯುವುದಿಲ್ಲ. ಅದರಲ್ಲೇ ಬರೆಯೋಣ ಅನ್ನಿಸಿತು. ಹೆಂಡತಿ ಗ್ಲೆನಿಸ್ ತೀರಿಕೊಂಡು ಏಳು ತಿಂಗಳು. ನಿನ್ನೆ ಮೊನ್ನೆ ಎರಡೂ ದಿನ ಸೇರಿ ನಾನು ಬಾಯಿಬಿಟ್ಟು ಆಡಿದ ಮಾತು ಒಂದೇ. ಗ್ಯಾಸ್ ಸಿಲಿಂಡರ್ ತಂದವನಿಗೆ "ಅಲ್ಲೇ ಇಡಪ್ಪ" ಅಂದದ್ದು.

ಬೆಳಿಗ್ಗೆ ರೇಡಿಯೋದಲ್ಲಿ ಇವತ್ತು ಬಿಸಿಲಿನ ಯುವಿ ಮಟ್ಟ ಒಂಬತ್ತು ಅಂದರು. ಮೂರು ದಾಟಿದರೆ ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಕಾಲಿಡಬಾರದು. ಬ್ರೆಡ್ ತರಬೇಕಿತ್ತು. ಎಂಟೂ ಹತ್ತಕ್ಕೆ ಹಚ್ಚಿಕೊಂಡೆ. ಮುಖ ಕತ್ತು ಕಿವಿಗೆ ಸೇರಿ ಒಂದು ಚಮಚ, ಕೈಗೊಂದೊಂದು, ಕಾಲಿಗೊಂದೊಂದು. ಎದೆ ಬೆನ್ನಿಗೆ ನನಗೆ ಬೇಕಿಲ್ಲ, ಅಂಗಿ ಇದೆ. ಆಮೇಲೆ ಅಡುಗೆಮನೆಯಲ್ಲಿ ಕೂತೆ. ಇಪ್ಪತ್ತು ನಿಮಿಷ ಕೂರಬೇಕು. ಅದು ಚರ್ಮಕ್ಕೆ ಹಿಡಿಯಬೇಕು, ಆಮೇಲೆ ಬಿಸಿಲಿಗೆ ಹೋಗಬೇಕು. ಬಾಟಲಿಯ ಮೇಲೆ ಬರೆದಿದೆ. ಗ್ಲೆನಿಸ್ ಮೂವತ್ತೊಂದು ವರ್ಷ ಹೇಳಿದಳು. ಒಂದು ದಿನವೂ ನಾನು ಕೂರಲಿಲ್ಲ. ಪ್ರೈಮರ್ ಒಣಗದೆ ಮೇಲಿನ ಬಣ್ಣ ಬಳಿಯುವ ಕೆಲಸದವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿದ್ದ ಮನುಷ್ಯ ನಾನು. ನನ್ನ ಚರ್ಮಕ್ಕೆ ಮಾತ್ರ ಅವಸರ.

ಈಗ ಕೂರುತ್ತೇನೆ. ಎಂಟೂವರೆಗೆ ಎದ್ದು ಬಾಗಿಲ ತನಕ ಹೋದೆ. ಬಾರ್ಲಿ ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಬೇಕರಿಯಲ್ಲಿ ಯಾರಾದರೂ ಮಾತಾಡಿಸಿಬಿಡುತ್ತಾರೆ ಅನ್ನಿಸಿತು. ವಾಪಸು ಬಂದು ಮುಖ ತೊಳೆದುಕೊಂಡೆ. ಮೊನ್ನೆಯ ಬ್ರೆಡ್ಡನ್ನೇ ಸುಟ್ಟು ತಿಂದೆ.

ನವೆಂಬರ್ 12, ಬುಧವಾರ

ಬೇಕರಿಗೆ ಹೋದೆ. ಕೌಂಟರಿನ ಹೆಂಗಸು "ಏನಪ್ಪಾ ಆಲ್ವಿನ್, ಮುಖಕ್ಕೆ ಸುಣ್ಣ ಹೊಡ್ಕೊಂಡಿದ್ದೀಯಾ?" ಅಂದಳು. ಸರಿಯಾಗಿ ತಿಕ್ಕಿರಲಿಲ್ಲ. ಹೇಗಿದ್ದೀಯ ಅಂತಲೂ ಕೇಳಿದಳು. ಚೆನ್ನಾಗಿದ್ದೀನಿ ಅಂದೆ. ಮಾಂಸ ತುಂಬಿದ ಪ್ಯಾಸ್ಟಿ ಎರಡು ಕೇಳಿಬಿಟ್ಟೆ, ಅಭ್ಯಾಸಬಲ. ಒಂದನ್ನು ಸಂಜೆ ಕಡಲಹಕ್ಕಿಗಳಿಗೆ ಹಾಕಿದೆ.

ನವೆಂಬರ್ 20, ಗುರುವಾರ

ಬೇಸಿಗೆ ಕಾಲಿಟ್ಟಿತು, ಮೂವತ್ತೆಂಟು ಡಿಗ್ರಿ. ಯುವಿ ಹನ್ನೊಂದು. ಹೊರಗೆ ಹೋಗಲಿಲ್ಲ. ಆದರೂ ಹಚ್ಚಿಕೊಂಡು ಕೂತಿದ್ದೆ.

ಗ್ಲೆನಿಸ್‌ಳ ಬೆನ್ನು ನನ್ನ ಜವಾಬ್ದಾರಿಯಾಗಿತ್ತು.

ಇದನ್ನು ಬರೆಯಲು ಕೂತೆ. ಆಗುವುದಿಲ್ಲ.

ಡಿಸೆಂಬರ್ 3, ಬುಧವಾರ

ಎದುರಿನ ಕಲ್ಲಿನ ಮನೆಗೆ ಬಾಡಿಗೆಗೆ ಒಬ್ಬ ಬಂದಿದ್ದಾನೆ. ಎಪ್ಪತ್ತರ ಹತ್ತಿರ ಇರಬೇಕು, ಗ್ರೀಕ್ ಮನುಷ್ಯ, ಒಬ್ಬನೇ. ದಿನಾ ಸರಿಯಾಗಿ ಹತ್ತು ಗಂಟೆಗೆ, ಬಿಸಿಲು ಏರುವ ಹೊತ್ತಿಗೆ, ಚಡ್ಡಿಯೊಂದನ್ನೇ ಹಾಕಿಕೊಂಡು, ಬರೀ ಮೈಯಲ್ಲಿ, ಟವೆಲ್ ಹೆಗಲಿಗೆಸೆದು ಸಮುದ್ರಕ್ಕೆ ಹೋಗುತ್ತಾನೆ. ನೀರಿನೊಳಕ್ಕೆ ಚಾಚಿದ ಜೆಟ್ಟಿಯ ಪಕ್ಕದಲ್ಲಿ ಶಾರ್ಕ್ ಬರದಂತೆ ಬಲೆ ಕಟ್ಟಿದ ಜಾಗವಿದೆಯಲ್ಲ, ಅಲ್ಲಿ ಈಜುತ್ತಾನೆ. ಹನ್ನೊಂದೂವರೆಗೆ ವಾಪಸು. ನಾನು ಕ್ರೀಮು ಹಚ್ಚಿಕೊಂಡು ಕೂರುವ ಕುರ್ಚಿಯಿಂದ ಎಲ್ಲ ಕಾಣುತ್ತದೆ. ಹೋಗುವಾಗ ಕಂದು, ಬರುವಾಗ ಬೇಯಿಸಿದ ಏಡಿ.

ಕೂಗಿ ಹೇಳಬೇಕು ಅನ್ನಿಸುತ್ತದೆ. ಕಿಟಕಿ ಮುಚ್ಚುತ್ತೇನೆ. ಅವನ ಬೆನ್ನು ಅವನದು.

ಡಿಸೆಂಬರ್ 14, ಭಾನುವಾರ

ಇವತ್ತು ಕೆಟ್ಟದಾಗಿ ನಡೆದುಕೊಂಡೆ.

ಒಂಬತ್ತೂವರೆಗೆ ಬಾಗಿಲು ತಟ್ಟಿದ ಸದ್ದು. ಎದುರಿನವನೇ. ಒಂದು ಕೈಯಲ್ಲಿ ಸನ್‌ಸ್ಕ್ರೀನ್ ಟ್ಯೂಬು, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಒಬ್ಬಳು ಹೆಂಗಸಿನ ಮುಖ.

"ನಮಸ್ಕಾರ. ನಾನು ತಾಸೋಸ್. ಇವಳು ನನ್ನ ಮಗಳು ವೂಲಾ, ಅಡಿಲೇಡ್‌ನಲ್ಲಿದ್ದಾಳೆ. ಇವಳು ನನ್ನ ಪ್ರಾಣ ತಿಂತಿದ್ದಾಳೆ."

"ಅಪ್ಪ, ಸುಮ್ನಿರು," ಅಂದಿತು ಫೋನು. "ಸಾರ್, ಒಂದು ಉಪಕಾರ ಮಾಡಿ. ನಮ್ಮಪ್ಪ ಬೆನ್ನಿಗೆ ಹಚ್ಕೊಂಡೆ ಅಂತ ದಿನಾ ಸುಳ್ಳು ಹೇಳ್ತಾರೆ. ಅವರ ಕೈ ಬೆನ್ನಿಗೆ ಎಟಕಲ್ಲ, ನಂಗೊತ್ತು. ನೀವೊಂದ್ಸಲ ಹಚ್ಚಿದ್ದನ್ನ ನಾನು ಕಣ್ಣಾರೆ ನೋಡಿದ್ರೆ ಸಾಕು."

"ನಂದು ಗ್ರೀಕ್ ಚರ್ಮ ಕಣಮ್ಮ, ಮೂರು ಸಾವಿರ ವರ್ಷದಿಂದ ಬಿಸಿಲು ಕಂಡಿದೆ," ಅಂದ ಅವನು.

"ನೀನು ಕಂಡಿಲ್ವಲ್ಲ ಅಪ್ಪ. ನೀನು ಮೀನು ಕರೀತಾ ಅಂಗಡಿ ಒಳಗೇ ಇದ್ದೆ."

ಅವನು ನಗುತ್ತಾ ತಿರುಗಿ ಬೆನ್ನು ಕೊಟ್ಟ. ಟ್ಯೂಬನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದ. ಬೆನ್ನು ಅಷ್ಟು ಹತ್ತಿರ. ಒಂದು ಹೆಜ್ಜೆ ಹಿಂದೆ ಸರಿದೆ.

"ನನ್ನ ಕೈಲಾಗಲ್ಲ," ಅಂದೆ. ಬಾಗಿಲು ಹಾಕಿಕೊಂಡೆ. ಅವನು ಇನ್ನೂ ಬೆನ್ನು ತಿರುಗಿಸಿಕೊಂಡೇ ನಿಂತಿದ್ದ. ಹೊರಗೆ ಫೋನು "ಏನಾಯ್ತಪ್ಪ?" ಅಂತ ಕೇಳುತ್ತಿತ್ತು.

ಆದ್ದರಿಂದ ಬರೆದೇಬಿಡುತ್ತೇನೆ. ನೋಡುವವರು ಯಾರಿದ್ದಾರೆ.

ಗ್ಲೆನಿಸ್ ಬೇಸಿಗೆಯಲ್ಲಿ ದಿನಾ ಈಜುತ್ತಿದ್ದಳು. ಮನೆಯಲ್ಲೇ ಹಚ್ಚು, ಇಪ್ಪತ್ತು ನಿಮಿಷ ಮೊದಲು ಹಚ್ಚು ಅನ್ನುವಳು. ಅಲ್ಲೇ ಹೋಗಿ ಹಚ್ಚಿದರಾಯ್ತು ನಡಿ ಅನ್ನುವವನು ನಾನು. ಸಮುದ್ರದ ಹತ್ತಿರ ಕಾರು ನಿಲ್ಲಿಸಿದ ಮೇಲೆ ಅವಳು ಬಾಗಿಲಿಗೆ ಒರಗಿ ಬೆನ್ನು ಕೊಡುತ್ತಿದ್ದಳು. ನಾನು ಎರಡು ಸಲ ಅಂಗೈ ಎಳೆದು "ಆಯ್ತು" ಅನ್ನುತ್ತಿದ್ದೆ. ಕಣ್ಣು ಜೆಟ್ಟಿಯ ಮೇಲೆ. ಇವತ್ತು ಯಾರ ಗಾಳಕ್ಕೆ ಏನು ಬಿತ್ತು ಅಂತ. ರಸ್ತೆಯ ಆಚೆ ಬದಿಯಿಂದ ಗೋಡೆಯ ಬಣ್ಣದಲ್ಲಿ ಅಂಟಿಕೊಂಡ ಬ್ರಶ್ಶಿನ ಕೂದಲು ನೋಡಬಲ್ಲವನು ನಾನು. ಒಂದು ಅಡಿ ದೂರದ ಬೆನ್ನನ್ನು ನೋಡಲಿಲ್ಲ.

ಈಜುಡುಗೆ ಮಾರುವ ಅಂಗಡಿಯಲ್ಲಿ ಕೆಲಸದ ಹುಡುಗಿಯೊಬ್ಬಳು ನೋಡಿದಳು. ಬೆನ್ನಿನ ಮೇಲೆ, ಈಜುಡುಗೆಯ ಪಟ್ಟಿಯಿಂದ ಒಂದು ಬೆರಳು ಕೆಳಗೆ, ಒಂದು ಮಚ್ಚೆ. "ಇದನ್ನ ಯಾರಿಗಾದ್ರೂ ತೋರಿಸಿದ್ದೀರಾ ಮೇಡಂ?" ಅಂದಳಂತೆ. ಅಷ್ಟು ಹೊತ್ತಿಗೆ ಕ್ಯಾನ್ಸರ್ ಒಳಗೆ ಇಳಿದಿತ್ತು. ಹತ್ತು ತಿಂಗಳಲ್ಲಿ ಗ್ಲೆನಿಸ್ ಇಲ್ಲ.

ದೊಡ್ಡ ಡಾಕ್ಟರು ಕೇಳಿದ್ದರು: "ಮನೇಲಿ ನಿಮ್ಮ ಬೆನ್ನು ಯಾರು ನೋಡ್ತಾರೆ?" ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಗ್ಲೆನಿಸ್ ಹೇಳಿದಳು: "ಯಾರೂ ನೋಡಲ್ಲ ಡಾಕ್ಟ್ರೇ."

ನನ್ನನ್ನು ಉಳಿಸಲು ಹಾಗಂದಳೋ, ನಿಜ ಅಂತ ಅಂದಳೋ. ಕೇಳಲು ಹತ್ತು ತಿಂಗಳಿತ್ತು. ಕೇಳಲಿಲ್ಲ.

ಡಿಸೆಂಬರ್ 25, ಗುರುವಾರ

ನಲವತ್ತೊಂದು ಡಿಗ್ರಿ, ಉತ್ತರದ ಬಿಸಿಗಾಳಿ, ಮನೆಯೊಳಗೆಲ್ಲ ಧೂಳು. ಗ್ಲೆನಿಸ್‌ಳ ತಂಗಿ ಎರಡು ಸಲ ಫೋನು ಮಾಡಿದಳು. ಎತ್ತಲಿಲ್ಲ. ಎತ್ತಿದ್ದರೆ ಹಬ್ಬದ ಊಟಕ್ಕೆ ಬಾ ಅನ್ನುತ್ತಿದ್ದಳು. ಅಲ್ಲಿ ಎಲ್ಲರೂ ನನಗೆ "ನಿನ್ನ ತಪ್ಪಿಲ್ಲ" ಅನ್ನುತ್ತಾರೆ. ಏನು ನಡೆಯಿತು ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಕೊಟ್ಟ ಕ್ಷಮೆ ಇಟ್ಟುಕೊಂಡು ಏನು ಮಾಡಲಿ.

ಮಧ್ಯಾಹ್ನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ತಟ್ಟೆ, ಬಟ್ಟೆ ಮುಚ್ಚಿತ್ತು. ಕೆಂಡದಲ್ಲಿ ಸುಟ್ಟ ಆಕ್ಟೋಪಸ್, ನಿಂಬೆ ಹೋಳು, ಆಲಿವ್ ಎಣ್ಣೆ. ಎದುರು ಮನೆಯ ಕಿಟಕಿ ನೋಡಿದೆ. ಪರದೆ ಅಲ್ಲಾಡಿತು.

ಪೂರ್ತಿ ತಿಂದೆ. ತಟ್ಟೆ ತೊಳೆದಿಟ್ಟಿದ್ದೇನೆ. ಒಳ್ಳೆಯ ತಟ್ಟೆ, ಅಂಚಿಗೆ ನೀಲಿ ಗೆರೆ. ಮೆಟ್ಟಿಲ ಮೇಲೆ ಇಟ್ಟು ಓಡಿ ಬರುವುದಕ್ಕಾಗುವುದಿಲ್ಲ.

ಜನವರಿ 3, ಶನಿವಾರ

ತಟ್ಟೆ ಕೊಡಲು ಹೋದೆ. ಒಂಬತ್ತು ದಿನ ಬೇಕಾಯಿತು.

ಬಾಗಿಲು ತಟ್ಟಿದರೆ ಉತ್ತರವಿಲ್ಲ. ಹಿತ್ತಲ ಕಡೆಯಿಂದ ಗ್ರೀಕ್ ಭಾಷೆಯಲ್ಲಿ ಬೈಗುಳ ಕೇಳಿಸಿತು. ಸುತ್ತು ಹಾಕಿ ಹೋದರೆ ತಾಸೋಸ್ ಬರಿ ಮೈಯಲ್ಲಿ ನಿಂತಿದ್ದಾನೆ, ಕೈಯಲ್ಲಿ ಪೇಂಟ್ ಹೊಡೆಯುವ ರೋಲರ್. ಬಕೆಟ್ಟಿನ ಮೇಲೆ ಒಂದು ಸಾಸರು, ಅದರ ತುಂಬ ಸನ್‌ಸ್ಕ್ರೀನ್. ರೋಲರನ್ನು ಅದರಲ್ಲಿ ಅದ್ದಿ ಹೆಗಲ ಮೇಲಿಂದ ಬೆನ್ನಿಗೆ ಎಳೆದುಕೊಳ್ಳಲು ನೋಡುತ್ತಿದ್ದಾನೆ. ಕ್ರೀಮೆಲ್ಲ ಕಿವಿಗೆ, ಬೇಲಿಗೆ.

"ಇದೇನು ಮಾಡ್ತಿದ್ದೀರಿ?"

"ಕಾಣಲ್ವಾ, ಬೆನ್ನಿಗೆ ಬಣ್ಣ ಹೊಡೀತಿದ್ದೀನಿ." ನನ್ನ ಮುಖ ನೋಡಿದ ಮೇಲೂ ಸಿಟ್ಟೇನೂ ತೋರಿಸಲಿಲ್ಲ. "ಹಾರ್ಡ್‌ವೇರ್ ಅಂಗಡಿಯವನು ಬಾಗಿಲಿಗೆ ಹೊಡೆಯೋಕಾ ಅಂದ. ಬೆನ್ನಿಗೆ ಅಂದೆ. ಬೆನ್ನಿಗಾದ್ರೆ ಸಣ್ಣದು ಸಾಕು ಅಂದ."

"ಇದು ಉಣ್ಣೆಯದ್ದು. ಹಾಕಿದ್ದನ್ನೆಲ್ಲ ತಾನೇ ಕುಡಿದುಬಿಡುತ್ತೆ. ಸ್ಪಾಂಜಿನದ್ದು ಬೇಕು. ಮತ್ತೆ ರೋಲರ್ ಹಿಡಿಯೋ ರೀತಿನಾ ಇದು? ನೊಣ ಹೊಡೆಯೋ ಹಾಗೆ ಹಿಡಿದಿದ್ದೀರಲ್ಲ."

"ನಲವತ್ತು ವರ್ಷ ಮೀನು ಕರಿದೋನು ನಾನು. ನಂಗೆ ಜಾಲರಿ ಸೌಟು ಹಿಡಿಯೋಕೆ ಬರುತ್ತೆ, ಇದು ಬರಲ್ಲ. ನಿಮಗೆ ಬರುತ್ತಾ?"

ನಾನು ಮನೆಗೆ ಬಂದು ಶೆಡ್ಡಿನಿಂದ ನಾಲ್ಕು ಇಂಚಿನ ಹೊಸ ಸ್ಪಾಂಜ್ ರೋಲರ್ ತೆಗೆದುಕೊಂಡು ಹೋದೆ. ಉದ್ದದ ಹಿಡಿ ಸಿಕ್ಕಿಸಿದೆ. ಅವನನ್ನು ಬೇಲಿಗೆ ಮುಖಮಾಡಿ ನಿಲ್ಲಿಸಿ, ಮಾರು ದೂರದಲ್ಲಿ ನಿಂತು, ಮೇಲಿಂದ ಕೆಳಕ್ಕೆ, ಆಮೇಲೆ ಅಡ್ಡಕ್ಕೆ ಹೊಡೆದೆ. ಒಂದು ಚಮಚಕ್ಕೆ ಸರಿಯಾಗಿ ಬೆನ್ನು ಪೂರ್ತಿ ಮುಗಿಯಿತು.

ಅವನು ಟವೆಲ್ ಎತ್ತಿಕೊಂಡ.

"ಎಲ್ಲಿಗೆ? ಇಪ್ಪತ್ತು ನಿಮಿಷ ಕೂತ್ಕೊಳ್ಳಿ. ಈಗ ನೀರಿಗಿಳಿದ್ರೆ ಹಚ್ಚಿದ್ದೆಲ್ಲ ಮೀನಿಗೆ."

"ಇಪ್ಪತ್ತು ನಿಮಿಷ ಏನು ಮಾಡ್ಲಿ?"

"ಏನೂ ಮಾಡಬೇಡಿ. ನೆರಳಲ್ಲಿ ಕೂತ್ಕೊಳ್ಳಿ."

ಕೂತ. ಕಾಫಿ ಮಾಡಲಾ ಅಂದ. ಮಾಡಿ ಅಂದೆ.

ಜನವರಿ 9, ಶುಕ್ರವಾರ

ಈಗ ದಿನಾ ಒಂಬತ್ತೂಕಾಲಿಗೆ ಹೋಗುತ್ತೇನೆ, ಬಿಸಿಲು ಏರುವ ಮೊದಲೇ ಈಜಿ ಬರಲಿ ಅಂತ. ರೋಲರ್ ಹೊಡೆಯುತ್ತೇನೆ. ಅವನ ಮಗಳಿಗೆ ಮೊದಲ ದಿನವೇ ಫೋನಿನಲ್ಲಿ ತೋರಿಸಿದ್ದಾಯಿತು. ಅವಳು ಎಷ್ಟು ನಕ್ಕಳೆಂದರೆ ಫೋನು ಕೈಜಾರಿ ಬಿತ್ತು. ಆಮೇಲೆ ಇಪ್ಪತ್ತು ನಿಮಿಷ ದ್ರಾಕ್ಷಿ ಚಪ್ಪರದ ಕೆಳಗೆ ಕೂರುತ್ತೇವೆ. ತಾಸೋಸ್ ಮಾತಾಡುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ಒಳಗೆ ಹೋದರೆ ರಾತ್ರಿ ಹೊರಗೆ, ನಲವತ್ತು ವರ್ಷ. ಹೆಂಡತಿ ಬಿಟ್ಟುಹೋದದ್ದೂ ಅದಕ್ಕೇ ಅಂತೆ.

"ನನ್ನ ಮೈಯಿಂದ ಎಣ್ಣೆ ವಾಸನೆ ಹೋಗಲೇ ಇಲ್ಲ ಅಂದ್ಲು. ಸರಿ ಅಂದೆ. ಅವಳೀಗ ಮೆಲ್ಬರ್ನ್‌ನಲ್ಲಿ ಹೂವಿನಂಗಡಿಯವನ ಜೊತೆ ಇದ್ದಾಳೆ. ಲೆಕ್ಕ ಸರಿಹೋಯ್ತಲ್ಲ." ಕಾಫಿ ಒಂದು ಗುಟುಕು ಕುಡಿದ. "ಒಂದು ಮಧ್ಯಾಹ್ನನೂ ಸೂರ್ಯನ್ನ ನೋಡಿರಲಿಲ್ಲ ಮಾರಾಯ. ಈಗ ನನ್ನ ಪಾಲಿಂದು ಪೂರ್ತಿ ಬೇಕು ನಂಗೆ."

ನಾನು ನೀರಿಗೆ ಇಳಿಯುವುದಿಲ್ಲ. ಉದ್ದ ತೋಳಿನ ಅಂಗಿ, ಕ್ಯಾಪು ಹಾಕಿಕೊಂಡು ಜೆಟ್ಟಿಯ ಮೇಲೆ ಅವನ ಟವೆಲ್ ಕಾಯುತ್ತೇನೆ. ನಿಂಗೆ ಈಜು ಬರಲ್ವಾ ಅಂದ. ಬರುತ್ತೆ ಅಂದೆ. ಮುಂದಕ್ಕೆ ಕೇಳಲಿಲ್ಲ.

ಕಾರಿನ ಡ್ಯಾಶ್‌ಬೋರ್ಡಿನಲ್ಲಿದ್ದ ಹಳೇ ಟ್ಯೂಬು ತೆಗೆದು ನೋಡಿದೆ. ಬಿಸಿಗೆ ಒಡೆದು ನೀರು ಬೇರೆ, ಎಣ್ಣೆ ಬೇರೆ ಆಗಿತ್ತು. ಅವಳಿಗೆ ಹಚ್ಚುತ್ತಿದ್ದದ್ದೂ ಕಾರಿನಲ್ಲೇ ಇಟ್ಟದ್ದನ್ನೇ. ಅದನ್ನು ಎಸೆದೆ.

ಜನವರಿ 21, ಬುಧವಾರ

ಸ್ಪಾಂಜು ಭುಜದ ಮೂಳೆಯ ಪಕ್ಕದ ಗುಳಿಗೆ ಹೋಗುವುದಿಲ್ಲ. ಅಲ್ಲಿ ದಿನಾ ಅಂಗೈ ಅಗಲ ಒಣ ಜಾಗ ಉಳಿಯುತ್ತಿತ್ತು. ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತಿತ್ತು. ಇವತ್ತು ರೋಲರ್ ಕೆಳಗಿಟ್ಟು ಕೈಯಲ್ಲೇ ಹಚ್ಚಲು ಹೋದೆ. ಹತ್ತಿರ ಹೋದ ಮೇಲೆ ಕಂಡಿತು. ಎಡ ಭುಜದ ಕೆಳಗೆ, ಬೇಳೆಯಷ್ಟು, ಕಡು ಕಂದು, ಅಂಚು ಸರಿಯಿಲ್ಲ.

ಕೈ ಅಲ್ಲೇ ನಿಂತುಬಿಟ್ಟಿತು.

"ಏನು, ಬಣ್ಣ ಮುಗೀತಾ?" ಅಂದ.

"ಇಲ್ಲಿ ಒಂದು ಮಚ್ಚೆ ಇದೆ. ಎಷ್ಟು ದಿನದಿಂದ ಇದೆ?"

"ಬೆನ್ನ ಹಿಂದಿನದ್ದು ನಂಗೇನು ಗೊತ್ತು. ಹುಟ್ಟಿದಾಗಿಂದ ಇರಬೇಕು."

"ಡಾಕ್ಟರಿಗೆ ತೋರಿಸಬೇಕು."

"ಏಯ್, ನಂಗೆ ಎಪ್ಪತ್ತೊಂದು. ಈ ವಯಸ್ಸಲ್ಲಿ ಮೈಮೇಲೆ ಏನೇನೋ ಬೆಳೆಯುತ್ತೆ. ಹಚ್ಚೋದು ಹಚ್ಚಿ ಬಿಡು."

"ತೋರಿಸಬೇಕು."

"ವೂಲಾ ಒಬ್ಬಳು ಸಾಲದು ಅಂತ ನೀನೊಬ್ಬ." ಅವನು ತಿರುಗಿದ. ನನ್ನ ಮುಖದಲ್ಲಿ ಏನು ಕಂಡನೋ, ಹಾಸ್ಯ ಬಿಟ್ಟ. "ಏನಾಯ್ತು ಆಲ್ವಿನ್?"

ಹೇಳಿದೆ. ಕಾರಿನ ಬಾಗಿಲು, ಎರಡು ಸಲ ಎಳೆದ ಅಂಗೈ, ಜೆಟ್ಟಿಯ ಮೇಲಿನ ಕಣ್ಣು, ಈಜುಡುಗೆ ಅಂಗಡಿಯ ಹುಡುಗಿ, ಡಾಕ್ಟರ ಪ್ರಶ್ನೆ, ಗ್ಲೆನಿಸ್ ಕೊಟ್ಟ ಉತ್ತರ. ಬೇಲಿಯ ಕಡೆ ನೋಡಿಕೊಂಡು ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಹೇಳಿ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಕ್ರೀಮು ಒಣಗಿ ಬೆರಳೆಲ್ಲ ಬಿಳಿಚಿಕೊಂಡಿತ್ತು.

ಅವನು ನಿನ್ನ ತಪ್ಪಿಲ್ಲ ಅನ್ನಲಿಲ್ಲ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

"ಯಾವ ಡಾಕ್ಟರು? ಫೋನ್ ಮಾಡು," ಅಂದ.

ಜನವರಿ 27, ಮಂಗಳವಾರ

ಚರ್ಮದ ಡಾಕ್ಟರು ಪಕ್ಕದ ಊರು ಕಡೀನಾಗೆ ತಿಂಗಳಿಗೊಮ್ಮೆ ಬರುತ್ತಾರೆ. ಐದನೇ ತಾರೀಖು ಸಿಕ್ಕಿದೆ. ಇನ್ನೂ ಒಂಬತ್ತು ದಿನ. ತಾಸೋಸ್ ಅಂಗಿ ಹಾಕಿಕೊಂಡೇ ಈಜುತ್ತಿದ್ದಾನೆ. ಅಂಗಿಯೊಳಗೆ ಗಾಳಿ ತುಂಬಿಕೊಂಡು ನೀರ ಮೇಲೆ ಬುಗ್ಗೆಯ ಹಾಗೆ ತೇಲುತ್ತಾನೆ. ಮಗಳಿಗೆ ಹೇಳಬೇಡ ಅಂದಿದ್ದಾನೆ. ಅವಳು ನನಗೇ ಫೋನು ಮಾಡಿ ಕೇಳಿದಳು, ಅಪ್ಪ ಯಾಕೆ ಜಗಳ ಆಡುತ್ತಿಲ್ಲ ಅಂತ. ಸೆಕೆ ಅಂದೆ.

ಫೆಬ್ರವರಿ 5, ಗುರುವಾರ

ಎಲ್ಲ ಬರೆದಿಡಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ.

ನಾನೇ ಕಾರು ಓಡಿಸಿದೆ. ಕೊಯ್ಲು ಮುಗಿದ ಹೊಲಗಳು ಬೆಳ್ಳಗೆ ಬಿದ್ದಿದ್ದವು. ತಾಸೋಸ್ ದಾರಿಯುದ್ದಕ್ಕೂ ಕಿಟಕಿಯಿಂದ ಅವನ್ನೇ ನೋಡುತ್ತಿದ್ದ. ಡಾಕ್ಟರ್ ಅಡೆಬಾಯೋ ಅಂತ, ಚಿಕ್ಕ ವಯಸ್ಸಿನ ಹೆಂಗಸು. ನೀವೂ ಒಳಗೆ ಬನ್ನಿ ಅಂದರು. ತಾಸೋಸ್‌ನನ್ನು ಬೋರಲು ಮಲಗಿಸಿ, ಭೂತಗನ್ನಡಿಯಂಥದ್ದನ್ನು ಹಿಡಿದು ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಏನೂ ಇಲ್ಲ," ಅಂದರು. "ವಯಸ್ಸಾದವರಿಗೆ ಬರೋ ನರಹುಲಿ ಇದು. ಕುರೂಪಿ, ಆದ್ರೆ ಪಾಪದ್ದು."

"ಕುರೂಪಿ, ಆದ್ರೆ ಪಾಪದ್ದು," ಅಂದ ತಾಸೋಸ್ ದಿಂಬಿನೊಳಗಿಂದ. "ನನ್ನ ಹೆಂಡತಿನೂ ಹೀಗೇ ಅಂತಿದ್ಲು ಡಾಕ್ಟ್ರಮ್ಮ." ಆಮೇಲೆ ಅವನ ಬೆನ್ನು ಅಲುಗತೊಡಗಿತು. ನಗುತ್ತಿದ್ದಾನೆ ಅಂದುಕೊಂಡೆ. ಅಳುತ್ತಿದ್ದ. ಎಷ್ಟು ಹೆದರಿದ್ದನೋ, ಒಂದು ದಿನವೂ ತೋರಿಸಿಕೊಂಡಿರಲಿಲ್ಲ.

ನಾನು ಡಾಕ್ಟರ ಕ್ಷಮೆ ಕೇಳಿದೆ, ಸುಮ್ಮನೆ ಗಾಬರಿ ಮಾಡಿದೆ ಅಂತ. ಅವರು ನನ್ನನ್ನೇ ನೋಡುತ್ತಿದ್ದರು.

"ನೀವು ಸ್ವಲ್ಪ ಬೆಳಕಿಗೆ ಬನ್ನಿ. ತಲೆ ಆ ಕಡೆ ತಿರುಗಿಸಿ. ಎಡಗಿವಿ ಹಿಂದೆ ಈ ಹಕ್ಕಳೆ ಎಷ್ಟು ದಿನದಿಂದ?"

"ಅದಾ? ಕನ್ನಡಕದ ಕಡ್ಡಿ ಉಜ್ಜಿ ಆಗಿರೋದು. ಬಿದ್ದುಹೋಗುತ್ತೆ, ಮತ್ತೆ ಬರುತ್ತೆ."

"ಕನ್ನಡಕದ ಕಡ್ಡಿ ಇಷ್ಟು ಕೆಳಕ್ಕೆ ಬರಲ್ಲ." ಬೆರಳಲ್ಲಿ ಮುಟ್ಟಿದರು. ನೋವಾಯಿತು. "ಏನು ಕೆಲಸ ಮಾಡ್ತಿದ್ರಿ?"

"ಪೇಂಟರು. ಹೊರಗೋಡೆ, ಛಾವಣಿ."

"ಕ್ಯಾಪು ಹಾಕ್ಕೊಂಡು. ಕಿವಿ ಬಿಸಿಲಿಗೆ ಬಿಟ್ಟು." ಅವರು ಬರೆದುಕೊಂಡರು. "ಸನ್‌ಸ್ಕ್ರೀನ್ ಹಚ್ತೀರಾ?"

"ದಿನಾ. ಇಪ್ಪತ್ತು ನಿಮಿಷ ಮೊದಲು."

"ಕಿವಿ ಹಿಂದೆ?"

ಯೋಚಿಸಿದೆ. ಕಿವಿಯ ಹಿಂದೆ ನಾನು ಯಾವತ್ತೂ ಹಚ್ಚಿಕೊಂಡವನಲ್ಲ. ಹೊರಡುವಾಗ ಗ್ಲೆನಿಸ್ ತನ್ನ ಬೆರಳಲ್ಲಿ ಉಳಿದದ್ದನ್ನು ನನ್ನ ಕಿವಿಯ ಹಿಂದೆ ಒರೆಸುತ್ತಿದ್ದಳು. ಮಕ್ಕಳಿಗೆ ಮಾಡುವ ಹಾಗೆ. ನಾನು ತಲೆ ಕೊಡವುತ್ತಿದ್ದೆ.

"ಮನೇಲಿ ಇದನ್ನ ಯಾರೂ ನೋಡಿರಲಿಲ್ವಾ?" ಅಂದರು ಡಾಕ್ಟರು.

ಯಾರೂ ನೋಡಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತಾಸೋಸ್ ಮಂಚದ ಮೇಲೆ ಎದ್ದು ಕೂತು, ಅಂಗಿ ಗುಂಡಿ ತಪ್ಪುತಪ್ಪಾಗಿ ಹಾಕಿಕೊಳ್ಳುತ್ತಾ ಹೇಳಿದ: "ನಾನು ನೋಡಿದ್ದೆ."

ತಿರುಗಿ ನೋಡಿದೆ.

"ಮೊದಲನೇ ದಿನಾನೇ ನೋಡಿದ್ದೆ, ಕಾಫಿ ಕುಡಿಯೋವಾಗ. ಪೇಂಟ್ ಅಂದ್ಕೊಂಡೆ. ಪೇಂಟರಲ್ವಾ, ಒಣಗಿದ ಪೇಂಟ್ ಅಂಟ್ಕೊಂಡಿದೆ ಅಂದ್ಕೊಂಡೆ. ದಿನಾ ನೋಡ್ತಿದ್ದೆ. ಒಂದ್ಸಲನೂ ಹೇಳಲಿಲ್ಲ." ಅವನ ಮುಖ ಬಿಳಿಚಿತ್ತು. "ಒಂದು ತಿಂಗಳು ನೋಡಿ ಸುಮ್ನಿದ್ದೆ ಆಲ್ವಿನ್. ನೀನು ಆ ಕಥೆ ಹೇಳಿದ ಮೇಲೂ ನಂಗೆ ಹೊಳೀಲಿಲ್ಲ."

"ನಿಂಗೆ ಹೇಗೆ ಗೊತ್ತಾಗಬೇಕು ಮಾರಾಯ," ಅಂದೆ. "ಅದೇನು ಅಂತ ಗೊತ್ತಿಲ್ಲದೋನಿಗೆ ಅದು ಕಾಣೋದೇ ಪೇಂಟಿನ ಹಾಗೆ. ನೀನೇನು ಬೇಕೂಂತ ಮಾಡಿದ್ಯಾ?"

ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ತೆಗೆದುಕೊಂಡರು. ವಾಪಸು ಬರುವಾಗಲೂ ನಾನೇ ಓಡಿಸಿದೆ. ಅವನನ್ನು ಸಮಾಧಾನ ಮಾಡುವುದರಲ್ಲೇ ದಾರಿ ಮುಗಿಯಿತು. ಎಷ್ಟು ಹೇಳಿದರೂ ಕೇಳುವುದಿಲ್ಲ, ಮೊಂಡ. ಮನೆಗೆ ಬಂದ ಮೇಲೆ ನೆನಪಾಯಿತು, ಕ್ಯಾನ್ಸರ್ ಇರಬಹುದಾದದ್ದು ನನಗೆ ಅಂತ.

ಫೆಬ್ರವರಿ 13, ಶುಕ್ರವಾರ

ಫೋನು ಬಂತು. ಕ್ಯಾನ್ಸರೇ. ಗ್ಲೆನಿಸ್‌ಗೆ ಬಂದ ಜಾತಿಯದ್ದಲ್ಲ. ಕಿವಿಯ ತುಂಡು ಸಮೇತ ತೆಗೆದರೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ, ಇನ್ನೊಂದು ವರ್ಷ ಬಿಟ್ಟಿದ್ದರೆ ಮಾತು ಬೇರೆ ಅಂದರು. ಇಪ್ಪತ್ನಾಲ್ಕಕ್ಕೆ ಆಪರೇಷನ್, ಅದಕ್ಕೆಂದೇ ಡಾಕ್ಟರು ಇನ್ನೊಂದು ಸಲ ಬರುತ್ತಾರೆ.

ತಾಸೋಸ್‌ಗೆ ಹೇಳಿದೆ. ಅವನು ವೂಲಾಗೆ ಹೇಳಿದ. ವೂಲಾ ಯಾರ ಯಾರಿಗೆ ಹೇಳಿದಳೋ, ಸಂಜೆಗೆ ಗ್ಲೆನಿಸ್‌ಳ ತಂಗಿಯೂ ಫೋನು ಮಾಡಿದಳು. ಎತ್ತಿದೆ. ಮುಕ್ಕಾಲು ಗಂಟೆ ಮಾತಾಡಿದಳು. ಸಾಕಾಯಿತು.

ಫೆಬ್ರವರಿ 24, ಮಂಗಳವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ, ಎಡಗೈ ತಲೆ ಹಿಡಿದುಕೊಂಡಿದೆ. ಎಡಗಿವಿಯ ಕಾಲುಪಾಲು ಹೋಯಿತು.

ಮರಗಟ್ಟಿಸಿ ಕೊಯ್ಯುತ್ತಿದ್ದಾಗ ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಡಾಕ್ಟರ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಕೇಳಲು ಧೈರ್ಯ ಬಂತು. ಗ್ಲೆನಿಸ್ ಬೆನ್ನಿನ ವಿಷಯ ಹೇಳಿದೆ. ನಾನು ಸರಿಯಾಗಿ ನೋಡಿದ್ದರೆ ಕಾಣುತ್ತಿತ್ತಾ ಅಂತ ಕೇಳಿದೆ.

ಕತ್ತರಿಯ ಸದ್ದು ನಿಂತಿತು. "ಗೊತ್ತಿಲ್ಲ ಮಿಸ್ಟರ್ ಪಾಸ್ಕೋ. ಕಾಣ್ತಿತ್ತೇನೋ. ಕಂಡಿದ್ರೂ ಸಾಮಾನ್ಯ ಮಚ್ಚೆ ಅಂತ ಬಿಡ್ತಿದ್ರೇನೋ. ಖಂಡಿತ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ."

"ಆಯ್ತು," ಅಂದೆ. ಅವರು ಹೊಲಿಗೆ ಶುರುಮಾಡಿದರು. ಇಷ್ಟು ದಿನ ಎಲ್ಲರೂ ಹೇಳಿದ ಸಮಾಧಾನಕ್ಕಿಂತ ಇದು ಹಗುರವಾಗಿತ್ತು. ಯಾಕೆ ಅಂತ ಗೊತ್ತಿಲ್ಲ.

ಬರುವಾಗ ತಾಸೋಸ್ ಕಾರು ಓಡಿಸಿದ. ಅವನಿಗೆ ಗೇರು ಬದಲಿಸಲು ಬರುವುದಿಲ್ಲ. ಉಳಿದ ಕಿವಿಯನ್ನೂ ಕಳೆದುಕೊಳ್ಳುತ್ತೇನೆ ಅಂದುಕೊಂಡೆ.

ಮಾರ್ಚ್ 6, ಶುಕ್ರವಾರ

ಹೊಲಿಗೆ ಬಿಚ್ಚಿದರು. ದಿನಾ ಬೆಳಿಗ್ಗೆ ಪಟ್ಟಿ ಬದಲಿಸುತ್ತಿದ್ದವನು ತಾಸೋಸ್. ಮೀನಿನ ಮುಳ್ಳು ತೆಗೆದ ಕೈ, ಒಂದು ದಿನವೂ ನೋವಾಗಲಿಲ್ಲ. ಆದರೆ ಬಾಯಿ ಸುಮ್ಮನಿರುವುದಿಲ್ಲ. "ಇಷ್ಟು ಕಿವಿಗೆ ಒಂದು ಚಮಚ ಯಾಕೆ, ಮುಕ್ಕಾಲು ಸಾಕು," ಅನ್ನುತ್ತಾನೆ. ಅಗಲ ಅಂಚಿನ ಹ್ಯಾಟು ಕೊಂಡುಕೊಟ್ಟಿದ್ದಾನೆ. ಅದನ್ನು ಹಾಕಿಕೊಂಡರೆ ನಾನು ಅಣಬೆ.

ಹೋದ ವಾರ ಬರೆಯಲೇ ಇಲ್ಲ. ಅವನ ಮನೆಯ ಕಿಟಕಿಗಳ ಬಣ್ಣ ಎದ್ದುಹೋಗಿತ್ತು, ಕೆರೆದು ಪ್ರೈಮರ್ ಹಾಕಿಸುತ್ತಿದ್ದೆ. ನಾನು ನೆರಳಲ್ಲಿ ಕುರ್ಚಿ ಹಾಕಿಕೊಂಡು ಹೇಳುವುದು, ಅವನು ಮಾಡುವುದು. ಕೆಟ್ಟ ಕೆಲಸಗಾರ.

ಮಾರ್ಚ್ 17, ಮಂಗಳವಾರ

ನೀರಿಗೆ ಇಳಿಯಬಹುದು ಅಂತ ಡಾಕ್ಟರು ಹೇಳಿದ್ದರು. ನಿನ್ನೆ ಯೋಚಿಸಿದೆ, ಇವತ್ತು ಇಳಿದೆ.

ಒಂಬತ್ತಕ್ಕೇ ಚಪ್ಪರದ ಕೆಳಗೆ ನಾನು ಅವನ ಬೆನ್ನಿಗೆ ಹಚ್ಚಿದೆ. ರೋಲರ್ ಅಲ್ಲ, ಕೈಯಲ್ಲಿ. ಹಚ್ಚುತ್ತಾ ಪೂರ್ತಿ ನೋಡಿದೆ. ಆಮೇಲೆ ಅಂಗಿ ಬಿಚ್ಚಿ ನಾನೂ ಬೆನ್ನು ಕೊಟ್ಟೆ. ತಾಸೋಸ್ ತುಂಬ ಹೊತ್ತು ತೆಗೆದುಕೊಂಡ. ಹೆಗಲ ಮೇಲೆ ಒಂದು ಕಂದು ಚುಕ್ಕೆಯಿದೆ, ಮುಂದಿನ ಸಲ ಹೋದಾಗ ಕೇಳೋಣ ಅಂದ. ಕಿವಿಯ ಹಿಂದೆಯೂ ಹಚ್ಚಿದ. ನಾನು ತಲೆ ಕೊಡವಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಕೂತೆವು. ನಾನು ಅವನನ್ನು ಕೇಳಿದೆ:

"ಯಾರೂ ನೋಡಲ್ಲ ಅಂತ ಗ್ಲೆನಿಸ್ ಅಂದಳಲ್ಲ. ನನ್ನ ಮೇಲೆ ತಪ್ಪು ಬರಬಾರದು ಅಂತ ಅಂದಳೋ, ಮನಸ್ಸಲ್ಲಿದ್ದದ್ದನ್ನೇ ಅಂದಳೋ. ನಿಂಗೇನನ್ಸುತ್ತೆ?"

ತಾಸೋಸ್ ಕಾಫಿ ಲೋಟ ಕೆಳಗಿಟ್ಟ.

"ನಂಗೇನು ಗೊತ್ತಾಗುತ್ತೆ ಮಾರಾಯ. ನಾನು ಅವಳನ್ನ ನೋಡೇ ಇಲ್ಲ. ಹೇಗಿದ್ಲು, ಅದನ್ನ ಹೇಳು ಮೊದಲು."

ಅವಳು ಈಜುವಾಗ ಕೂದಲು ಒದ್ದೆಯಾಗಬಾರದು ಅಂತ ಕತ್ತನ್ನು ನೀರಿನಿಂದ ಎತ್ತರಕ್ಕೆ ಎತ್ತಿಕೊಂಡೇ ಈಜುತ್ತಿದ್ದಳು, ದೂರದಿಂದ ನೋಡಿದರೆ ನೀರಿನ ಮೇಲೆ ಒಂದು ಸಿಟ್ಟಿನ ಬಾತುಕೋಳಿ ಹೋದ ಹಾಗೆ ಕಾಣುತ್ತಿತ್ತು ಅಂತ ಹೇಳಿದೆ. ಅವನು ನಕ್ಕ. ಆಮೇಲೆ ಇನ್ನೊಂದು ಹೇಳಿದೆ. ಮದುವೆಗೆ ಮೊದಲು ಅವಳ ಅಪ್ಪನ ಅಂಗಡಿಯ ಬೋರ್ಡಿಗೆ ನಾನು ಬಣ್ಣ ಹೊಡೆಯುತ್ತಿದ್ದಾಗ ಕೆಳಗೆ ಬಂದು ನಿಂತು, ಅಕ್ಷರ ಸೊಟ್ಟಗಿದೆ ಅಂದದ್ದು. ಸೊಟ್ಟಗೇ ಇತ್ತು.

ಸಮುದ್ರಕ್ಕೆ ಹೊರಡಲು ಎದ್ದಾಗ ಹನ್ನೊಂದು ಹೊಡೆದುಹೋಗಿತ್ತು. ಹಚ್ಚಿದ್ದು ಎರಡು ಗಂಟೆ ಮೀರಿದ್ದರಿಂದ ಎಲ್ಲ ಮತ್ತೆ ಹಚ್ಚಬೇಕಾಯಿತು, ಮತ್ತೆ ಇಪ್ಪತ್ತು ನಿಮಿಷ ಕೂರಬೇಕಾಯಿತು. ಅದರಲ್ಲೂ ಅವಳ ಮಾತು ಮುಗಿಯಲಿಲ್ಲ. ನೀರು ತಣ್ಣಗಿತ್ತು. ಕಿವಿಗೆ ಉಪ್ಪು ತಾಗಿ ಚುರುಗುಟ್ಟಿತು. ಬಲೆಯ ಆ ತುದಿಯವರೆಗೂ ಹೋಗಿ ಬಂದೆ, ಕತ್ತು ಎತ್ತಿಕೊಂಡು.